ಆಕ್ಷೇಪಣೆ ಸಂಖ್ಯೆ ನಲವತ್ತೆರಡು

ಬೀರೂರು ಪುರಸಭೆಯ ಮೇಲಂತಸ್ತು. ಹನ್ನೊಂದಕ್ಕೆ ಎಂದು ನೋಟೀಸು;
ಹನ್ನೆರಡಾದರೂ ಮುಖ್ಯಾಧಿಕಾರಿಗಳ ಕುರ್ಚಿಯಲ್ಲಿ
ಟರ್ಕಿ ಟವೆಲ್ಲೊಂದೇ ಕೂತಿತ್ತು.
ನಾನು ನಡಾವಳಿ ಬರೆಯುವವನು.
ಕೆಂಪು ಗೆರೆ ಎಳೆದು, ತಾರೀಕು ಹಾಕಿ,
‘ಸಾರ್ವಜನಿಕರು ಹಾಜರಿದ್ದರು’ ಎಂದು
ಅವರು ಬರುವ ಮೊದಲೇ ಬರೆದಿಟ್ಟಿದ್ದೆ.

ಬಂದರು. ಚಪ್ಪಲಿ ಬಿಡಬೇಕೋ ಬೇಡವೋ ಎಂದು
ಬಾಗಿಲಲ್ಲಿ ಒಂದಿಷ್ಟು ತಡೆದು, ಮೆಟ್ಟಿಕೊಂಡೇ ಬಂದರು.
ಕೈಯಲ್ಲಿ ಅಪ್ಪಂದಿರ ಕಾಲದ ರಸೀದಿಗಳು,
ಮಡಿಕೆಯಲ್ಲಿ ಹರಿದು, ಗೋಂದು ಹಚ್ಚಿದವು.

ಟೈಲರ್ ರಹಮತುಲ್ಲಾ ಕೊರಳ ಟೇಪಿನೊಂದಿಗೇ ಎದ್ದ:
“ಇನ್ನೂರ ಹತ್ತು ಚದರಡಿ ಅಂತ ಬರೆದಿದೀರಿ.
ನನ್ನ ಅಂಗಡಿ ನೂರಾ ಎಪ್ಪತ್ತು.
ಮುಂದಿನ ಚರಂಡಿನೂ ಸೇರಿಸಿ ಅಳೆದಿದೀರಿ ಸ್ವಾಮಿ.
ನಾನೂ ಟೇಪಿನವನೇ.
ತಪ್ಪು ಅಳೆದರೆ ಬಿಚ್ಚಿ ಹೊಲಿದು ಕೊಡ್ತೀನಿ,
ದುಡ್ಡು ಕೇಳಲ್ಲ. ನೀವು?”
ಸಭೆ ನಕ್ಕಿತು. ನಾನು ಬರೆದೆ:
‘ಮರು ಅಳತೆಗೆ ಕೋರಿರುತ್ತಾರೆ.’

ಮರುಳಸಿದ್ದಪ್ಪನವರು ನಿವೃತ್ತ ಗಣಿತದ ಮೇಷ್ಟ್ರು.
ಶೇಕಡಾ ಐದನ್ನು ಹತ್ತು ವರ್ಷ ಬಿಡದೆ ಏರಿಸಿದರೆ
ಅದು ಐವತ್ತಲ್ಲ, ಅರವತ್ತಮೂರು ಎಂದು
ಕರಿಹಲಗೆ ಸಿಗದೆ ಗಾಳಿಯಲ್ಲೇ ಬರೆದು ತೋರಿಸಿದರು.
ಅಷ್ಟರಲ್ಲಿ ಶಿವಮೊಗ್ಗದ ಕಡೆಯ ಗಾಡಿ ಕೂಗಿತು.
ಈ ಊರಲ್ಲಿ ರೈಲಿಗೆ ಎದುರಾಗಿ ಯಾರೂ ಮಾತಾಡುವುದಿಲ್ಲ;
ಎಲ್ಲರೂ ಕಾದೆವು. ಮೇಷ್ಟ್ರ ಬೆರಳು
ಮೂರರ ಕೊನೆಯ ಸುಳಿಯಲ್ಲೇ ನಿಂತಿತ್ತು.

“ನಲ್ಲಿ ತಿರುಗಿಸಿದರೆ ಗಾಳಿ ಬರುತ್ತೆ.
ಗಾಳಿಗೂ ಕಂದಾಯವಾ?” ಎಂದರು ಹಿಂದಿನಿಂದ ಯಾರೋ.
ಎಣ್ಣೆ ಗಿರಣಿಯವರು ಮಾತ್ರ ಬರಲಿಲ್ಲ.
ಅವರ ಗೋದಾಮು ನಮ್ಮ ದಾಖಲೆಯಲ್ಲಿ
ಇವತ್ತಿಗೂ ದನದ ಕೊಟ್ಟಿಗೆ.
ಪ್ರತಿ ಏಪ್ರಿಲ್‌ನಲ್ಲಿ ಆ ಸಾಲನ್ನು ನಕಲು ಮಾಡುವುದು
ನನ್ನದೇ ದುಂಡಕ್ಷರ.

ನಲವತ್ತೆರಡನೆಯವಳು ಹನುಮಕ್ಕ,
ರೈಲ್ವೆ ಗೋಡೆಯಾಚೆ ಸಾಲಿನವಳು.
ಚೀಟಿಯಲ್ಲಿ ಹೆಸರಿತ್ತು, ಸ್ವತ್ತಿನ ಸಂಖ್ಯೆ ಇರಲಿಲ್ಲ.
“ಎಷ್ಟಿತ್ತು, ಎಷ್ಟಾಯ್ತಮ್ಮ?”
“ಏನೂ ಇರ್ಲಿಲ್ಲ ಸಾಮಿ, ಏನೂ ಆಗ್ಲಿಲ್ಲ. ಅದ್ಕೇ ಬಂದೆ.
ಇಪ್ಪತ್ತಾರು ವರ್ಸ ಆತು ಅಲ್ಲಿ.
ಇವ್ರೆಲ್ಲ ಜಾಸ್ತಿ ಆತು ಅಂತಾರೆ. ನಂಗೂ ಒಂದು ಹಾಕ್ರಿ,
ಕಮ್ಮಿನೋ ಜಾಸ್ತಿನೋ. ರಸೀದಿ ಕೊಡ್ರಿ.
ಮಗ್ಗುಲು ಮನೆಯೋರ್ನ ಎಬ್ಬಿಸಿದ ದಿನ
ಪೊಲೀಸ್ನೋರು ಕೇಳಿದ್ದು ಅದೊಂದನ್ನೇ.”

ಸಭೆ ಸುಮ್ಮನಾಯಿತು. ರೈಲಿರಲಿಲ್ಲ.
ರಹಮತುಲ್ಲಾ ಕೊರಳಿಂದ ಟೇಪು ತೆಗೆದು
ಬೆರಳಿಗೆ ಸುತ್ತತೊಡಗಿದ.
ಮುಖ್ಯಾಧಿಕಾರಿಗಳು ನನ್ನತ್ತ ಬಗ್ಗಿದರು:
“ಇದು ಆಕ್ಷೇಪಣೆ ಆಗಲ್ಲ. ಬರೀಬೇಡಿ.”

ನಿಜವೇ. ನಮೂನೆಯಲ್ಲಿರುವುದು ಎರಡೇ ಕಾಲಂ:
ಇಳಿಸಲು ಕೋರಿಕೆ, ಮನ್ನಾ ಮಾಡಲು ಕೋರಿಕೆ.
ಹಾಕಿ ಎಂದು ಕೇಳುವವರು
ಹುಟ್ಟುತ್ತಾರೆಂದು ಅಚ್ಚು ಹಾಕಿಸಿದವರಿಗೆ ಹೊಳೆದಿರಲಿಲ್ಲ.

ಆಮೇಲೆ ಚಹಾ, ಖಾರಾಬೂಂದಿ.
‘ಕೂಲಂಕಷವಾಗಿ ಚರ್ಚಿಸಿ, ಶೇಕಡಾ ಐದರ ಬದಲು
ನಾಲ್ಕಕ್ಕೆ ಶಿಫಾರಸು ಮಾಡಲಾಯಿತು.’
ಒಟ್ಟು ಆಕ್ಷೇಪಣೆ ನಲವತ್ತೊಂದು ಎನ್ನಬೇಕಿತ್ತು.
ನಲವತ್ತೆರಡು ಎಂದು ಬರೆದು ಸಹಿಗೆ ಇಟ್ಟೆ.
ಅವರು ಓದದೆ ಸಹಿ ಮಾಡಿದರು.
ಆಡಿಟ್ಟಿನವರು ಬಂದಾಗ ಆ ಒಂದನ್ನು ಹುಡುಕಲಿ,
ಎಲ್ಲಿ ಹೋಯಿತು ಎಂದು ಕೇಳಲಿ.

ಮೆಟ್ಟಿಲ ಕೆಳಗೆ ಹನುಮಕ್ಕ ನಿಂತಿದ್ದಳು.
“ಯಾವಾಗ ಬರ್ಲಿ?”
ಸೋಮವಾರ ಬಾ ಎಂದೆ.
ಕಡೂರಿನ ಬಸ್ಸು ಹತ್ತಿ ಕೂತ ಮೇಲೆ ನೆನಪಾಯಿತು,
ಸೋಮವಾರ ರಜಾ.