ಕೈಲೆಕ್ಕ

ಪುಂತಾ ಅರೇನಾಸ್‌ನಲ್ಲಿ ಬಿರುಗಾಳಿಯ ದಿನ
ಬೀದಿಯುದ್ದ ಹಗ್ಗ ಕಟ್ಟುತ್ತಾರೆ, ಜನ ಹಿಡಿದು ನಡೆಯಲೆಂದು.
ಆ ಹಗ್ಗ ಹಿಡಿದ ಕೈಗಳೆಲ್ಲ ಬೆಳಿಗ್ಗೆ ಏಳಕ್ಕೆ
ನಮ್ಮ ವೃದ್ಧಾಶ್ರಮದ ಬಾಗಿಲು ತಳ್ಳಿ ಒಳಬರುತ್ತವೆ.
ನನ್ನ ಕೆಲಸ ಆ ಕೈಗಳನ್ನು ಎಣಿಸುವುದು.

ಮುಟ್ಟುವ ಮುನ್ನ ತೊಳೆದರೆ ಗೀಟು.
ಮುಟ್ಟಿದ ಮೇಲೆ ತೊಳೆದರೆ ಇನ್ನೊಂದು.
ಮರೆತರೆ ಇಂಟು.
ಮೂಲೆಯ ಕುರ್ಚಿ, ತೊಡೆಯ ಮೇಲೆ ರಟ್ಟು, ಮೊಂಡು ಪೆನ್ಸಿಲು.
ನಾನು ಬಂದು ಕೂತೊಡನೆ ನಲ್ಲಿಗಳೆಲ್ಲ ಜೋರಾಗಿ ಸುರಿಯುತ್ತವೆ.
ಎದ್ದು ಹೋದ ಮೇಲಿನದು ನಲ್ಲಿಗೇ ಗೊತ್ತು.

ಯಾಸ್ನಾಗೆ ಮಾತ್ರ ನಾನಿದ್ದರೂ ಒಂದೇ, ಬಿಟ್ಟರೂ ಒಂದೇ.
ಒಂದು ಪಾಳಿಗೆ ಅರವತ್ತು ಸಲ, ಕೆಲವು ದಿನ ಎಪ್ಪತ್ತು.
ನನ್ನ ಹಾಳೆಯಲ್ಲಿ ಅವಳದೊಂದು ಗೀಟುಗಳ ಬೇಲಿ.

ಇವತ್ತು ತಪ್ಪಿದಳು.
ಎಂಟನೇ ಮಂಚದಿಂದ ಒಂಬತ್ತಕ್ಕೆ ಹೋಗುವಾಗ
ಗೋಡೆಯ ಡಬ್ಬಿಯ ಮುಂದೆ ನಿಂತಳು,
ಕೈ ಚಾಚಿ
ಹಿಂದಕ್ಕೆಳೆದುಕೊಂಡಳು, ಕಾದ ಬಾಣಲೆ ತಾಗಿದ ಹಾಗೆ.

ಇಂಟು ಹಾಕಬೇಕು.
ಹೋದ ಜುಲೈ ಚಳಿಯಲ್ಲಿ ಇದೇ ಎಂಟರಿಂದ ಒಂಬತ್ತಕ್ಕೆ
ಭೇದಿ ದಾಟಿತ್ತು. ಅಲ್ಲಿಂದ ಹದಿನಾಲ್ಕಕ್ಕೆ.
ದೋನ್ಯಾ ಎದೆಲ್ಮೀರಾ ತೀರಿಕೊಂಡಳು; ಅವಳ ಹೆಣಿಗೆ ಕಡ್ಡಿ,
ಅರ್ಧ ಕಾಲುಚೀಲದ ಸಮೇತ,
ಈಗಲೂ ಸ್ಟೋರಿನ ಡ್ರಾಯರಿನಲ್ಲಿದೆ. ಯಾರೂ ಕೇಳಿ ಬಂದಿಲ್ಲ.

ಒಂಬತ್ತರಲ್ಲಿ ದೊನ್ ಎವಾರಿಸ್ತೊ.
ಐವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದವನು,
ಈಗ ಮಗಳನ್ನು ತಾಯಿ ಎಂದು ಕರೆಯುವವನು.
ಯಾಸ್ನಾ ಕೈಗವಸು ಏರಿಸುವ ಮೊದಲೇ
ಅವಳ ಬೆರಳು ಹಿಡಿದ. ಬೆಳಕಿಗೆ ತಿರುಗಿಸಿದ.
ಹೆಬ್ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದ,
ಉಣ್ಣೆಯ ಎಳೆ ಪರೀಕ್ಷಿಸುವವನ ಹಾಗೆ:
ಗೆಣ್ಣಿನ ಮೇಲೆ ಕೆಂಪು ಬಿರುಕು,
ಬೆರಳ ಸಂದಿಯಲ್ಲಿ ಹಳದಿ ಹಕ್ಕಳೆ.

“ಕುರಿ ಮುಟ್ಟಿ ಎಷ್ಟು ದಿನವಾಯಿತು, ಹುಡುಗಿ?” ಎಂದ.
“ನಮ್ಮ ಕೊಟ್ಟಿಗೆಯಲ್ಲಿ ಯಾರ ಕೈಯೂ ಹೀಗಿರಲಿಲ್ಲ.
ಉಣ್ಣೆಯ ಜಿಡ್ಡು, ಗೊತ್ತಲ್ಲ, ತೊಳೆದರೂ ಹೋಗದು.
ಮೋರೆ ತೋಳದ್ದು, ಕೈ ಮಾತ್ರ ಕೂಸಿನದು
ಅಂತ ನನ್ನವಳು ನಗುತ್ತಿದ್ದಳು.”

ಯಾಸ್ನಾ ನಗಲಿಲ್ಲ. ನನ್ನತ್ತ ನೋಡಿದಳು.
ಹುಣ್ಣು ತೋರಿಸಿದರೆ ಮನೆಗೆ ಕಳಿಸುತ್ತಾರೆ,
ಅಷ್ಟು ದಿನದ ಸಂಬಳವಿಲ್ಲ.
ಆ ಸುತ್ತೋಲೆಯ ಕೆಳಗಿನ ಸಹಿ ನನ್ನದೇ.
ಬಿರುಕಿನಲ್ಲಿ ರೋಗಾಣು ಮನೆಮಾಡುತ್ತದೆ,
ಸೋಪು ಅಲ್ಲಿಗಿಳಿಯದು, ಎಂದು
ಪಾಠ ಮಾಡಿದವಳೂ ನಾನೇ.

ಮುದುಕ ಇನ್ನೂ ಆ ಗೆಣ್ಣನ್ನು ಸವರುತ್ತಿದ್ದ.
ಕೈಗುಣ ಅನ್ನುತ್ತೇವಲ್ಲ,
ನನ್ನ ಹಾಳೆಯಲ್ಲಿ ಅದಕ್ಕೊಂದು ಮನೆಯಿಲ್ಲ.

ಇಂಟು ಹಾಕಿದೆ. ಹಾಕಲೇಬೇಕಿತ್ತು.
ಹೆಸರು ಬರೆಯುವಲ್ಲಿ ಮಾತ್ರ
ಪೆನ್ಸಿಲು ಸ್ವಲ್ಪ ಹೊತ್ತು ಕೂತು, ನನ್ನದನ್ನು ಬರೆಯಿತು.

ಸಂಜೆ ಔಷಧಿ ಅಂಗಡಿಯಲ್ಲಿ ಉಣ್ಣೆಜಿಡ್ಡಿನ ಮುಲಾಮು, ಎರಡು ಡಬ್ಬಿ.
ಬಿಲ್ಲು ಆಶ್ರಮದ ಲೆಕ್ಕಕ್ಕೋ, ನಿಮ್ಮದಕ್ಕೋ ಎಂದ ಅಂಗಡಿಯವನು.
ಹೊರಗೆ ಗಾಳಿ ಎದ್ದಿತ್ತು.
ಹಗ್ಗ ಹಿಡಿದು ನಡೆದೆ,
ಯಾರ್ಯಾರೋ ಹಿಡಿದು ಬಿಟ್ಟ ಹಗ್ಗ,
ಇನ್ನೂ ತುಸು ಬೆಚ್ಚಗಿತ್ತು.