ಖಾಲಿ ಪೈಪು, ನಾಲ್ಕು

ಯಂತ್ರ ಇನ್ನೂ ಬಂದಿಲ್ಲ.
ಚೆನ್ನೈ ಬಂದರಿನ ಪೆಟ್ಟಿಗೆಯಲ್ಲಿದೆ, ಎಣ್ಣೆಕಾಗದ ಹೊದ್ದು.
ಇಲ್ಲಿ, ಪೀಣ್ಯ ಎರಡನೇ ಹಂತದಲ್ಲಿ,
ಅದು ಸಾಯುವ ವರ್ಷ ನಾನಾಗಲೇ ಬರೆದಾಯಿತು.

ಹದಿನೈದು ಹಾಕಿದ್ದೆ. ವರದರಾಜ್ ಸಾರ್ ಹನ್ನೆರಡು ಮಾಡಿದರು.
“ಲೆಕ್ಕ ಗಟ್ಟಿ ಇರ್ಲಿ ಸಬೀಹಾ, ಬ್ಯಾಂಕಿನವರು ನೋಡ್ತಾರೆ.”
ಒಂದು ಅಂಕಿ ಅಳಿಸಿದ್ದಕ್ಕೆ ಮೂರು ವರ್ಷ
ಸದ್ದೇ ಇಲ್ಲದೆ ಎಲ್ಲಿಗೋ ಹೋದವು.

ಹೇಳಿದ ಹಾಗೆ ಬಗ್ಗುವ ಯಂತ್ರವಂತೆ.
ಹೊಟ್ಟೆಯಲ್ಲಿ ಅರವತ್ತು ಟೂಲು,
ಬೆಳಿಗ್ಗೆ ಪಂಪಿನ ಕವಚ, ಮಧ್ಯಾಹ್ನ ಸ್ಕೂಟರಿನ ಹಬ್ಬು,
ರಾತ್ರಿ ಪಾಳಿಗೆ ಇನ್ನೇನೋ.
ನನ್ನ ಹಾಳೆಗೆ ಮಾತ್ರ ಬಗ್ಗಲು ಬಾರದು:
ನಾಲ್ಕನೇ ವರ್ಷ ಬೇರಿಂಗು, ಏಳಕ್ಕೆ ಸ್ಪಿಂಡಲ್ಲು,
ಒಂಬತ್ತಕ್ಕೆ ಮಿದುಳೇ ಬದಲು,
ಹನ್ನೆರಡಕ್ಕೆ ಗುಜರಿ, ಕೊಂಡ ಬೆಲೆಯ ಶೇಕಡ ನಾಲ್ಕು.

ಆರನೇ ವರ್ಷದಿಂದಾಚೆ ಏನು ಮಾಡುತ್ತೇವೆ
ಎಂಬಲ್ಲಿ ‘ಭಾಗ ಎಕ್ಸ್’ ಎಂದು ಬರೆದಿದ್ದೇನೆ.
ಅದರ ತೂಕ ಗೊತ್ತಿಲ್ಲ, ಆಕಾರ ಗೊತ್ತಿಲ್ಲ,
ಕೇಳುವವರು ಹುಟ್ಟಿದ್ದಾರೋ ಇಲ್ಲವೋ.
ಆದರೂ ಒಂದಕ್ಕೆ ಹನ್ನೊಂದು ನಿಮಿಷ.

ನಿನ್ನೆ ಸಂಜೆ ಶೆಡ್ಡಿಗೆ ಇಳಿದೆ.
ಹಳೆಯ ಲೇತು ಎತ್ತಿದ ಜಾಗ,
ನಲವತ್ತು ವರ್ಷ ಎಣ್ಣೆ ಕುಡಿದು ಕಪ್ಪಾಗಿದ್ದ ಚೌಕ,
ಈಗ ಎದೆಮಟ್ಟದ ಗುಂಡಿ.
ಒಳಗೆ ಮಂಡಿಯೂರಿ ಮೇಂಟೆನೆನ್ಸಿನ ಮುನಿಯಲ್ಲಪ್ಪ
ಕಬ್ಬಿಣದ ಸರಳುಗಳ ನಡುವೆ ಪೈಪು ಕಟ್ಟುತ್ತಿದ್ದರು.
ನಕ್ಷೆಯಲ್ಲಿ ಎರಡು. ಅಲ್ಲಿ ಆರು.

“ಈ ನಾಲ್ಕು ಯಾತಕ್ಕೆ?”
“ಗೊತ್ತಿಲ್ಲ ಕಣಮ್ಮ.”
ತಂತಿಯ ತುದಿಯನ್ನು ಇಕ್ಕಳದಲ್ಲಿ ತಿರುವಿದರು.
“ಹೋದ್ಸಲ ಯಾವನೋ ಪುಣ್ಯಾತ್ಮ ಒಂದೂ ಬಿಟ್ಟಿರ್ಲಿಲ್ಲ.
ಒಂದು ವೈರ್ ಎಳೆಯೋಕೆ ಮೂರು ದಿವ್ಸ ನೆಲ ಒಡೆದಿದೀನಿ.”
ಎಡಗೈಯ ಉಗುರಿಲ್ಲದ ಬೆರಳನ್ನು ಅವರು ತೋರಿಸಲಿಲ್ಲ,
ಅದು ತಾನಾಗಿ ಕಂಡಿತು.
“ಮುಂದೆ ಬರೋದು ಏನು ಕೇಳ್ತದೋ. ನೀರೋ, ಗಾಳಿಯೋ,
ಇನ್ನೂ ಹೆಸರಿಡದೇ ಇರೋ ವೈರೋ.
ದಾರಿ ಇರ್ಲಿ.”

ಆಮೇಲೆ ಹಳೇ ಲುಂಗಿ ಹರಿದು
ನಾಲ್ಕರ ಬಾಯಿಗೂ ತುರುಕಿದರು,
ಸಿಮೆಂಟು ಹೋಗದಂತೆ, ಇಲಿ ಹೋಗದಂತೆ.
ಮಾರ್ಚಿಗೆ ಅವರ ಕೊನೆಯ ಸಂಬಳ.

ಹಗಲು ಊರೊಳಗೆ ಲಾರಿ ಬಿಡುವುದಿಲ್ಲವಾಗಿ
ಕಾಂಕ್ರೀಟು ಬೆಳಗಿನ ಜಾವ ಬಂತು,
ತುಮಕೂರು ರಸ್ತೆಯ ಮೇಲೆ ಮೊದಲ ಮೆಟ್ರೋಗೂ ಮುಂಚೆ.

ಹಾಳೆಗೆ ಒಂದು ಸಾಲು ಸೇರಿಸಿದ್ದೇನೆ:
ಖಾಲಿ ಪೈಪು, ನಾಲ್ಕು. ಎರಡು ಸಾವಿರದ ನೂರ ಅರವತ್ತು ರೂಪಾಯಿ.
ಉದ್ದೇಶ ಎಂಬಲ್ಲಿ ಒಂದು ಗೆರೆ.
ಆಯುಷ್ಯ ಎಂಬಲ್ಲಿ ಹನ್ನೆರಡು ಹಾಕಿದೆ, ತೆಗೆದೆ,
ಮತ್ತೆ ಹಾಕಲಿಲ್ಲ.

ಹತ್ತು ಗಂಟೆಗೆ ಸಾರ್ ಬರುತ್ತಾರೆ. ಕೇಳಿಯೇ ಕೇಳುತ್ತಾರೆ.
ಕೇಳಲಿ.
ಕೆಳಗೆ, ಒದ್ದೆ ಗೋಣಿಚೀಲದಡಿ,
ಅದು ಗಟ್ಟಿಯಾಗುತ್ತಿದೆ.