ಐವತ್ತೆರಡು

ಅರ್ಜಿಯ ಏಳನೆಯ ಪುಟದಲ್ಲಿ ಒಂದು ಚೌಕ.
ಮೇಲೆ ಒಂದೇ ಸಾಲು: ಇಷ್ಟೇ ಏಕೆ?
ಮೂರು ದಿನದಿಂದ ಕೆರ್ತು ಅದರ ಎದುರು ಕೂತಿದ್ದಾಳೆ.
ತಾರ್ತುವಿನಲ್ಲಿ ಡಿಸೆಂಬರ್. ಹೊಳೆಯ ಅಂಚು ಹೆಪ್ಪುಗಟ್ಟಿದೆ,
ನಾಲ್ಕಕ್ಕೆಲ್ಲ ಕಿಟಕಿಯ ಗಾಜಿನಲ್ಲಿ
ಅವಳ ಮುಖವೇ ಅವಳಿಗೆ ಕಾಣುತ್ತದೆ.

"ಹತ್ತು ಹತ್ತು ಹಾಕು" ಎಂದರು ವಾಂಬೊಲಾ ಮೇಷ್ಟ್ರು,
ಮೂವತ್ತು ವರ್ಷದಿಂದ ಹತ್ತೇ ಹಾಕಿದವರು.
"ಪಂಜರದ ಸಾಲಿಗೆ ಹತ್ತು ಸರಿಯಾಗಿ ಕೂರುತ್ತದೆ."

ಬೆಂದಿತೋ ಎಂದು ನೋಡಲು ಒಂದಗುಳು ಸಾಕು.
ನಿಜ, ಅನ್ನಕ್ಕೆ.
ಒಂದೇ ನೀರು, ಒಂದೇ ಉರಿ, ಒಂದೇ ಮುಚ್ಚಳದ ಕೆಳಗೆ
ಅಗುಳಿಗೂ ಅಗುಳಿಗೂ ತಕರಾರಿಲ್ಲ.
ಇಲಿ ಹಾಗಲ್ಲ.
ಒಂದೇ ತಾಯಿಯ ಮರಿಗಳು:
ಬೆರಳಗಲದ ಪಟ್ಟಿ ದಾಟುವಾಗ ಒಂದು ಹನ್ನೊಂದು ಸಲ ಜಾರುತ್ತದೆ,
ಇನ್ನೊಂದು ನಾಲ್ಕೇ ಸಲ,
ಮತ್ತೊಂದು ನಟ್ಟನಡುವೆ ಕೂತು ಮೀಸೆ ತಿಕ್ಕುತ್ತದೆ.

ಮಿದುಳಿಗೆ ರಕ್ತ ನಿಂತ ಇಲಿಗಳು. ನಿಲ್ಲಿಸುವವಳು ಇವಳೇ.
ಅರ್ಧಕ್ಕೆ ಮದ್ದು, ಅರ್ಧಕ್ಕೆ ಉಪ್ಪುನೀರು,
ಕೊನೆಗೆ ಎಲ್ಲಕ್ಕೂ ಒಂದೇ ಕೊನೆ.
ಅರ್ಜಿಯಲ್ಲಿ ಅದಕ್ಕೆ ಬೇರೆ ಪದವಿದೆ.

ಕಳೆದ ವರ್ಷ ಆರಾರು ಇಲಿಯಲ್ಲಿ ನೋಡಿದಾಗ
ವ್ಯತ್ಯಾಸ ಕಣ್ಣು ಕುಕ್ಕಿತ್ತು.
ಅದನ್ನೇ ನಂಬಿದರೆ ಹತ್ತೂ ಹೆಚ್ಚೇ.
ಆದರೆ ಕುಕ್ಕಿದ್ದರಿಂದ ತಾನೇ ಅದು ಇಲ್ಲಿಯತನಕ ಬಂದದ್ದು?
ಕುಕ್ಕದೇ ಹೋದ ಆರಾರುಗಳು
ಯಾವ ಕಪಾಟಿನಲ್ಲಿ ಮಲಗಿವೆಯೋ.

ನೆಲಮಾಳಿಗೆಗೆ ಇಳಿದು ಹೆಲ್ವೆಯನ್ನು ಕೇಳಿದಳು.
ಹೆಲ್ವೆ ಇಪ್ಪತ್ತೆರಡು ವರ್ಷದಿಂದ ಪಂಜರದ ಹೊಟ್ಟು ಬದಲಿಸುವವಳು,
ಅಂಕಿಗಳ ಸಹವಾಸವಿಲ್ಲ.
"ಎಷ್ಟು ಸಲ ಕಡಿಮೆ ಜಾರಿದರೆ ಸುಧಾರಿಸಿದೆ ಅನ್ನುತ್ತೀಯ?"
ಹೆಲ್ವೆ ಕೈಗವಸು ಕಳಚಿದಳು.
"ಎರಡಾದರೆ ನನಗೆ ಗೊತ್ತಾಗುವುದಿಲ್ಲ.
ನಾಲ್ಕಾದರೆ, ಹೂಂ,
ಬೇರೆಯೇ ಇಲಿ ಅನ್ನಿಸುತ್ತದೆ."

ನಾಲ್ಕು. ಇಲಿಯಿಂದ ಇಲಿಗೆ ಚದುರು ಐದು.
ಇಲ್ಲದ್ದನ್ನು ಇದೆಯೆನ್ನುವ ತಪ್ಪು ಇಪ್ಪತ್ತರಲ್ಲಿ ಒಂದು ಸಲ,
ಇರುವುದನ್ನು ಕಾಣದೆ ಹೋಗುವ ತಪ್ಪು ಐದರಲ್ಲಿ ಒಂದು ಸಲ.
ಇಷ್ಟಕ್ಕೆ ಲೋಕ ಒಪ್ಪುತ್ತದೆ.
ಇಷ್ಟೇ ಏಕೆ ಎಂದು ಕೇಳಲು
ಅದಕ್ಕೆ ಚೌಕವಿಲ್ಲ.
ಗುಂಡಿ ಒತ್ತಿದಳು: ಇಪ್ಪತ್ತಾರು, ಇಪ್ಪತ್ತಾರು.

ಮೇಷ್ಟ್ರ ಹತ್ತನ್ನೂ ಹಾಕಿ ನೋಡಿದಳು.
ಮದ್ದು ನಿಜವಾಗಿ ನಾಟಿದ್ದರೂ
ಹತ್ತರಲ್ಲಿ ನಾಲ್ಕು ಸಲ ಕಂಡೀತು.
ಮಿಕ್ಕ ಆರು ಸಲ
ಇಪ್ಪತ್ತು ಇಲಿ ಸತ್ತು ಎರಡು ಪದ ಹುಟ್ಟುತ್ತವೆ:
ಏನೂ ಕಾಣಲಿಲ್ಲ.

ಹೆಲ್ವೆಗೂ ಗೊತ್ತಾಗದ ಆ ಎರಡನ್ನು ಹಿಡಿಯಹೊರಟರೆ
ನೂರು, ನೂರು.
ಅರ್ಧದಷ್ಟನ್ನು ನೋಡಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಪ್ರಾಣ.
ಬೆಟ್ಟ ಅಗೆದು ಇಲಿ ಹಿಡಿಯುವುದು ಗಾದೆ;
ಇಲ್ಲಿ ಇಲಿಗಳನ್ನೇ ಅಗೆದು
ಬೆಟ್ಟವಿದೆಯೋ ಎಂದು ನೋಡುವುದು.
ಕಡಿಮೆಯಾದರೆ ಅಷ್ಟೂ ದಂಡ,
ಹೆಚ್ಚಾದರೆ ಹೆಚ್ಚಾದಷ್ಟು ದಂಡ.

ಚೌಕದಲ್ಲಿ ಬರೆದಳು.
ಮೇಷ್ಟ್ರು ಕನ್ನಡಕ ಹಣೆಗೇರಿಸಿ "ದುಡ್ಡು?" ಎಂದರು.
ಆಮೇಲೆ ಗೋಡೆಯ ಕಡೆ,
ತಮ್ಮ ಹತ್ತುಗಳ ಮೂವತ್ತು ಕಡತಗಳ ಕಡೆ
ಬಹಳ ಹೊತ್ತು ನೋಡಿ
ಸಹಿ ಹಾಕಿದರು.

ಮಾರ್ಚಿನಲ್ಲಿ ವ್ಯಾನು ಬಂತು. ಹೆಲ್ವೆ ಎಣಿಸಿದಳು,
ಇನ್ನೊಮ್ಮೆ ಎಣಿಸಿದಳು: ಐವತ್ತನಾಲ್ಕು.
ಸೊಪ್ಪಿನವಳ ಹಾಗೆ
ಮಾರಿದವನು ಎರಡು ಕೊಸರು ಹಾಕಿದ್ದ.
ಕೆರ್ತು ಕಾಗದ ತೆಗೆದು ನೋಡಿದಳು.
ಐವತ್ತೆರಡರ ಮೇಲೆ ಒಂದಕ್ಕೂ ಜಾಗವಿಲ್ಲ,
ಕೆಳಗೆ ತನ್ನದೇ ಸಹಿ.

ಮದ್ದು ನಾಟಿತೋ ಇಲ್ಲವೋ ಜೂನಿನ ತನಕ ಗೊತ್ತಾಗದು.
ಯಾವ ಇಲಿಗೆ ಯಾವ ನೀರು ಎಂಬ ಚೀಟಿ
ಲಕೋಟೆಯಲ್ಲಿ ಅಂಟಿ ಕೂತಿದೆ.
ಬಾಗಿಲ ಪಕ್ಕದ ಪಂಜರದಲ್ಲಿ ಮಾತ್ರ
ರಾತ್ರಿಯಿಡೀ ಚಕ್ರದ ಸದ್ದು.
ಎರಡೂ ಲೆಕ್ಕಕ್ಕಿಲ್ಲ,
ಅದಕ್ಕೇ
ಆಟಕ್ಕುಂಟು.